ಪೆನ್‌ಡ್ರೈವ್‌ನಲ್ಲಿ ಬಂದ ಪ್ಲೇಯರನ್ನ ನಂಬಬಹುದಾ?

ನಮಸ್ಕಾರ ಎಲ್ಲರಿಗೂ. ಈ ಪೆನ್‌ಡ್ರೈವ್ ಪಕ್ಕದ ಮನೆ ಅಂಕಲ್‌ದು. ಅವರ ಸ್ಕೂಟರ್ ಕಳುವಾಗಿದೆ. ಎದುರಿನ ಅಂಗಡಿಯ ಸಿಸಿಟಿವಿ ಫುಟೇಜ್ ಇದರಲ್ಲಿದೆ. ನೋಡಿ, ಒಳಗಿರೋದು ಎರಡೇ ಫೈಲ್: ಒಂದು ಡಾಟ್ ಡಿಎವಿ, ಅಂದ್ರೆ ಸಿಸಿಟಿವಿ ರೆಕಾರ್ಡಿಂಗ್, ಇನ್ನೊಂದು ಅದನ್ನ ತೋರಿಸೋ ಪ್ರೋಗ್ರಾಂ, ‘ಪ್ಲೇಯರ್ ಡಾಟ್ ಇಎಕ್ಸ್‌ಇ’. “ಅದನ್ನ ಓಪನ್ ಮಾಡಿದ್ರೆ ವಿಡಿಯೋ ಬರುತ್ತಂತೆ ಕಣಪ್ಪ” ಅಂದ್ರು ಅಂಕಲ್. ಅವರ ಬ್ಯಾಂಕು, ಪೆನ್ಷನ್ ಎಲ್ಲಾ ಇರೋ ಲ್ಯಾಪ್‌ಟಾಪ್ ಇದು. ಪ್ರೋಗ್ರಾಂ ಒಳಗೆ ವೈರಸ್ ಇದ್ರೂ ಇರಬಹುದು, ಹಾಗೆಲ್ಲ ಓಪನ್ ಮಾಡೋಕಾಗಲ್ಲ.

ಮೊದಲನೇದಾಗಿ, ಈ ಪ್ಲೇಯರ್ ಬೇಕೇಬೇಕಾ? ಡಿಎವಿ ಒಳಗೆ ಸಾಮಾನ್ಯವಾಗಿ ಇರೋದು ಎಚ್.264 ಅಥವಾ ಎಚ್.265 ಅನ್ನೋ ಮಾಮೂಲಿ ಬಗೆಯ ವಿಡಿಯೋನೇ. ವಿಎಲ್‌ಸಿ ಅನ್ನೋ ಉಚಿತ ವಿಡಿಯೋ ಪ್ಲೇಯರ್‌ಗೆ ಎಳೆದು ಹಾಕ್ತಿದ್ದೀನಿ... ಚಿತ್ರ ಬಂತು. ಆದ್ರೆ ಸ್ಪೀಡ್ ಸರಿಯಿಲ್ಲ, ಬೇಕಾದ ಜಾಗಕ್ಕೆ ಹೋಗೋಕೂ ಆಗ್ತಿಲ್ಲ.

ಸರಿ, ಪ್ಲೇಯರನ್ನೇ ನೋಡೋಣ. ರೈಟ್ ಕ್ಲಿಕ್, ಪ್ರಾಪರ್ಟೀಸ್. ಡಿಜಿಟಲ್ ಸಿಗ್ನೇಚರ್ಸ್ ಅನ್ನೋ ಟ್ಯಾಬೇ ಇಲ್ಲ. ಅಂದ್ರೆ ಇದನ್ನ ಮಾಡಿದ್ದು ಯಾರು ಅಂತ ಹೇಳೋ ಸಹಿ ಇಲ್ಲ. ಸಹಿ ಇದ್ರೂ ಯಾರ ಹೆಸರಲ್ಲಿದೆ ಅಂತ ಓದಲೇಬೇಕು. 2017ರ ಅಕ್ಟೋಬರ್‌ನಲ್ಲಿ ಮ್ಯಾಕ್‌ನ ಎಲ್ಮೀಡಿಯಾ ಪ್ಲೇಯರ್‌ಗೆ ಹ್ಯಾಕರ್‌ಗಳು ಪ್ರೋಟಾನ್ ಅನ್ನೋ ಮಾಲ್‌ವೇರ್ ಸೇರಿಸಿ, ಅದನ್ನ ಮಾಡಿದ ಕಂಪನಿಯದ್ದೇ ಸೈಟ್‌ನಿಂದ ಹಂಚಿದ್ರು. ಆ ಕಾಪಿಗೂ ಸಹಿ ಇತ್ತು, ಆದ್ರೆ ಆ ಕಂಪನಿಯ ಸಹಿ ಅಲ್ಲ.

ಈಗ ಕಮಾಂಡ್ ಪ್ರಾಂಪ್ಟ್. ಸರ್ಟ್‌ಯುಟಿಲ್ ಕಮಾಂಡ್ ಕೊಟ್ಟರೆ ಈ ಪ್ಲೇಯರ್ ಫೈಲ್‌ನ ಎಸ್‌ಎಚ್‌ಎ-256 ಹ್ಯಾಷ್, ಅಂದ್ರೆ ಫೈಲ್‌ನ ಬೆರಳಚ್ಚಿನ ಥರದ್ದು, ಬರುತ್ತೆ. ಇಗೋ, 64 ಅಕ್ಷರದ ಈ ಸಾಲು. ಫೈಲ್‌ನಲ್ಲಿ ಒಂದು ಚೂರು ಬದಲಾದ್ರೂ ಈ ಸಾಲೇ ಬೇರೆ ಆಗುತ್ತೆ. ಫೈಲ್‌ಗಳನ್ನ ಹಲವು ಆಂಟಿವೈರಸ್‌ಗಳಲ್ಲಿ ಚೆಕ್ ಮಾಡೋ ವೈರಸ್‌ಟೋಟಲ್ ಸೈಟ್‌ನ ಸರ್ಚ್‌ನಲ್ಲಿ ಇದನ್ನ ಮಾತ್ರ ಹಾಕ್ತಿದ್ದೀನಿ, ಫೈಲ್ ಅಲ್ಲ. ಅಲ್ಲಿ ಅಪ್‌ಲೋಡ್ ಮಾಡಿದ್ದು ಸೆಕ್ಯೂರಿಟಿ ಕಂಪನಿಗಳ ಕೈಗೂ ಹೋಗುತ್ತೆ. ಫುಟೇಜನ್ನಂತೂ ದಯವಿಟ್ಟು ಹಾಕಬೇಡಿ. ನಮ್ಮ ಬೀದಿಯ ಹೆಣ್ಣುಮಕ್ಕಳು, ಸ್ಕೂಲಿಗೆ ಹೋಗೋ ಮಕ್ಕಳು, ಎಲ್ಲರ ಮುಖ ಅದರಲ್ಲಿದೆ.

ಬಂತು ರಿಸಲ್ಟ್: ಇಂಥ ಫೈಲೇ ಅಲ್ಲಿಲ್ಲ. ಇದನ್ನ ‘ವೈರಸ್ ಇಲ್ಲ’ ಅಂತ ಓದ್ಕೋಬೇಡಿ. ಡಿವಿಆರ್, ಅಂದ್ರೆ ಸಿಸಿಟಿವಿ ರೆಕಾರ್ಡ್ ಮಾಡೋ ಪೆಟ್ಟಿಗೆಯ ಕಂಪನಿಯ ಪ್ಲೇಯರ್ ಆಗಿದ್ರೆ ಎಷ್ಟೋ ಜನ ಬಳಸಿರ್ತಾರೆ, ಒಬ್ಬರಾದ್ರೂ ಚೆಕ್ ಮಾಡಿರ್ತಿದ್ರು. ಸಹಿಯೂ ಇಲ್ಲ, ಸುಳಿವೂ ಇಲ್ಲ. ನನ್ನ ಪ್ರಕಾರ ಇದನ್ನ ಓಪನ್ ಮಾಡಬಾರದು.

ಅಂಗಡಿಯವರಿಗೆ ಫೋನ್ ಮಾಡಿದೆ. ಅವರ ಡಿವಿಆರ್‌ನ ಬ್ಯಾಕಪ್ ಮೆನುವಿನಲ್ಲಿ ಎಂಪಿ4 ಆಯ್ಕೆ ಇದೆಯಂತೆ, ಸಂಜೆ ತೆಗೆದುಕೊಡ್ತಾರೆ. ಡಿಎವಿ ಫೈಲನ್ನ ಮಾತ್ರ ಅಳಿಸಬೇಡಿ ಅಂತ ಅಂಕಲ್‌ಗೆ ಹೇಳಿದ್ದೀನಿ. ನಾಳೆ ಸ್ಟೇಷನ್‌ನಲ್ಲಿ ಮೂಲ ಕಾಪಿ ಕೇಳಿದ್ರೆ ಕೊಡಬೇಕಾಗಿರೋದು ಅದನ್ನೇ.