ಮೂವತ್ತು ವರ್ಷ ಹಿಡಿದ ಸಿನಿಮಾ: ಫಿಲ್ ಟಿಪ್ಪೆಟ್ ಅವರ ‘ಮ್ಯಾಡ್ ಗಾಡ್’

ನಮಸ್ಕಾರ ಸ್ನೇಹಿತರೇ. ‘ಜುರಾಸಿಕ್ ಪಾರ್ಕ್’ ನೋಡಿರುತ್ತೀರಿ ಅಲ್ವಾ? ಅದರಲ್ಲಿ ಓಡಾಡುವ ಡೈನೋಸಾರ್‌ಗಳನ್ನು ಮೊದಲು ಬೊಂಬೆ ಇಟ್ಟು ತೆಗೆಯಬೇಕು ಅಂತಿತ್ತು. ಆ ಹೊಣೆ ಫಿಲ್ ಟಿಪ್ಪೆಟ್ ಅವರದು. ‘ಸ್ಟಾರ್ ವಾರ್ಸ್’, ‘ರೋಬೋಕಾಪ್’ ಸಿನಿಮಾಗಳ ಬೊಂಬೆಗಳಿಗೆ ನಡಿಗೆ ಕಲಿಸಿದವರು ಇವರು.

ಅಷ್ಟರಲ್ಲಿ ಕಂಪ್ಯೂಟರ್‌ನಲ್ಲಿ ಮಾಡಿದ ಡೈನೋಸಾರ್ ಬಂತು. ಅದನ್ನು ನೋಡಿದ ಟಿಪ್ಪೆಟ್, ಇನ್ನು ನನ್ನ ಕುಲವೇ ಅಳಿದುಹೋಯಿತು ಅನ್ನುವ ಅರ್ಥದಲ್ಲಿ ಒಂದು ಮಾತು ಆಡಿದರು. ನಿರ್ದೇಶಕ ಸ್ಪೀಲ್‌ಬರ್ಗ್ ಆ ಮಾತನ್ನೂ ಬಿಡಲಿಲ್ಲ, ಸಿನಿಮಾದಲ್ಲೇ ಹಾಕಿಕೊಂಡರು! ಟಿಪ್ಪೆಟ್ ಮಾತ್ರ ಕೆಲಸ ಬಿಡಲಿಲ್ಲ. ಪ್ರಾಣಿ ಹೇಗೆ ನಡೆಯುತ್ತದೆ ಅಂತ ಕಂಪ್ಯೂಟರ್‌ನವರಿಗೂ ಇವರೇ ಹೇಳಿಕೊಡಬೇಕಾಯಿತು. ಆ ಸಿನಿಮಾಕ್ಕೆ ಆಸ್ಕರ್ ಕೂಡ ಬಂತು.

[ದೃಶ್ಯ: ಕಪಾಟಿನಲ್ಲಿ ಧೂಳು ಹಿಡಿದ ಬೊಂಬೆಗಳು]

ಆದರೆ ಅವರದೇ ಒಂದು ಸಿನಿಮಾ ಅರ್ಧಕ್ಕೆ ನಿಂತುಹೋಯಿತು. ‘ಮ್ಯಾಡ್ ಗಾಡ್’. 1990ರ ಹೊತ್ತಿಗೆ ಕೆಲವು ನಿಮಿಷ ತೆಗೆದಿದ್ದರು. ಕಂಪ್ಯೂಟರ್ ಬಂದಮೇಲೆ ಬೊಂಬೆಗಳಿಗೆ ಇನ್ನೇನು ಬೆಲೆ ಅಂತ ಕಟ್ಟಿಟ್ಟುಬಿಟ್ಟರು.

ಸುಮಾರು ಇಪ್ಪತ್ತು ವರ್ಷ ಆದಮೇಲೆ, ಅವರ ಸ್ಟುಡಿಯೋದ ಹುಡುಗರು ಹಳೆಯ ಸಾಮಾನು ನೋಡಿ, ‘ಇದನ್ನು ಮುಗಿಸೋಣ’ ಅಂತ ಹಟ ಹಿಡಿದರು. ದುಡ್ಡು? 2012ರಲ್ಲಿ ಜನರಿಂದ ದುಡ್ಡು ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ ಕೈಚಾಚಿದರು. 1.2 ಲಕ್ಷ ಡಾಲರ್‌ಗೂ ಜಾಸ್ತಿ ಬಂತು. ಹಾಲಿವುಡ್ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. ಹಾಗಾಗಿ ರಜೆ ದಿನಗಳಲ್ಲಿ ವಿದ್ಯಾರ್ಥಿಗಳು, ಸಂಬಳ ಕೇಳದ ಸ್ವಯಂಸೇವಕರು ಬಂದು ಸೇರಿದರು. ಕೆಲಸ ಕಲಿತರು, ಸಿನಿಮಾನೂ ನಡೆಯಿತು.

ಈ ಸಿನಿಮಾ ತೆಗೆದದ್ದು ಸ್ಟಾಪ್ ಮೋಷನ್‌ನಲ್ಲಿ. ಹಾಗಂದರೆ ಗೊತ್ತಲ್ಲ? ಬೊಂಬೆಯನ್ನು ಕೂದಲೆಳೆಯಷ್ಟು ಸರಿಸು, ಒಂದು ಫೋಟೋ ತೆಗೆ. ಮತ್ತೆ ಸರಿಸು, ಮತ್ತೆ ತೆಗೆ. ತೆರೆ ಮೇಲೆ ಒಂದು ಸೆಕೆಂಡಿಗೆ 24 ಫ್ರೇಮ್. ನಡುವೆ ಕೈ ತಾಗಿ ಬೊಂಬೆ ಬಿತ್ತೋ, ಮುಗೀತು ಕಥೆ.

‘ಮ್ಯಾಡ್ ಗಾಡ್’ನಲ್ಲಿ ಸತ್ತ ಸೈನಿಕರ ಗುಡ್ಡಗಳು ಕಾಣುವ ಒಂದು ದೃಶ್ಯ ಇದೆ. ಅವು ಮಕ್ಕಳು ಆಡುವ ಪ್ಲಾಸ್ಟಿಕ್ ಸೈನಿಕರು! ಸಾವಿರಾರು ಬೊಂಬೆಗಳನ್ನು ಕರಗಿಸಿ ತಂತಿಗೆ ಅಂಟಿಸಿದರು. ವಾರಕ್ಕೆ ಒಂದೇ ದಿನ ಕೆಲಸ. ಆ ದೃಶ್ಯಕ್ಕೇ ಮೂರು ವರ್ಷ ಹಿಡಿಯಿತು. ಹೀಗೆ ಕೆಲಸ ಮಾಡಿಸಲು ಯಾವ ನಿರ್ಮಾಪಕ ಒಪ್ಪುತ್ತಾನೆ, ಹೇಳಿ? ದುಡ್ಡು ಇಲ್ಲದ್ದರಿಂದಲೇ ಸಿನಿಮಾ ಇಷ್ಟು ದಟ್ಟವಾಗಿದೆ ಅಂತ ನನಗನ್ನಿಸುತ್ತದೆ. ಅವಸರ ಮಾಡಿಸುವವರು ಯಾರೂ ಇರಲಿಲ್ಲ.

ಇದಕ್ಕೆ ತೆತ್ತ ಬೆಲೆ ಕಡಿಮೆಯಲ್ಲ. ಕೊನೆಕೊನೆಗೆ ಟಿಪ್ಪೆಟ್ ಮಾನಸಿಕವಾಗಿ ಕುಸಿದು ಆಸ್ಪತ್ರೆ ಸೇರಿದ್ದರು. ಇದನ್ನು ಅವರೇ ಮುಚ್ಚಿಡದೆ ಹೇಳಿಕೊಂಡಿದ್ದಾರೆ.

2021ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿದ್ದಾಗ, ಅವರ ಸಿನಿಮಾ ಸ್ವಿಟ್ಜರ್‌ಲೆಂಡ್‌ನ ಲೊಕಾರ್ನೊ ಚಿತ್ರೋತ್ಸವದಲ್ಲಿ ತೆರೆ ಕಂಡಿತು. 83 ನಿಮಿಷ. ಸಂಭಾಷಣೆ ಇಲ್ಲವೇ ಇಲ್ಲ ಅನ್ನಬಹುದು. ಮುಖವಾಡ ಹಾಕಿದವನೊಬ್ಬ ಸೂಟ್‌ಕೇಸ್ ಹಿಡಿದು ಪಾತಾಳಕ್ಕೆ ಇಳಿಯುತ್ತಾನೆ, ಕೈಯಲ್ಲಿರುವ ನಕ್ಷೆ ಪುಡಿಪುಡಿಯಾಗಿ ಉದುರುತ್ತಿರುತ್ತದೆ. ಕಥೆ ಎಲ್ಲಿಗೆ ಹೋಗುತ್ತಿದೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಅರ್ಧದ ನಂತರ ಸ್ವಲ್ಪ ಎಳೆದಂತೆಯೂ ಅನ್ನಿಸುತ್ತದೆ. ಆದರೂ ಕಣ್ಣು ತೆಗೆಯಲು ಆಗುವುದಿಲ್ಲ.

ನೋಡುವ ಮುಂಚೆ ಒಂದು ಮಾತು: ಮಕ್ಕಳ ಜೊತೆ ಕೂತು ನೋಡುವ ಕಾರ್ಟೂನ್ ಅಲ್ಲ ಇದು. ರಕ್ತ, ಕೊಳಕು, ಹಿಂಸೆ ಎಲ್ಲಾ ಇದೆ. ಊಟದ ತಟ್ಟೆ ಮುಂದಿಟ್ಟುಕೊಂಡಂತೂ ಬೇಡವೇ ಬೇಡ.