ಕೀಮೋ ಶುರುವಾಗುವ ದಿನವೇ ನೋವಿನ ಡಾಕ್ಟರನ್ನೂ ಕರೆಯಿರಿ

ಎಲ್ಲರಿಗೂ ನಮಸ್ಕಾರ. ಹೋದ ವಾರದ ವಿಡಿಯೊದಲ್ಲಿ ಕ್ಯಾನ್ಸರ್ ಬಂದ ಮಕ್ಕಳಿಗೆ ಪ್ಯಾಲಿಯೇಟಿವ್ ಕೇರ್, ಅಂದರೆ ನೋವು, ನರಳಾಟ ಕಮ್ಮಿ ಮಾಡುವ ಆರೈಕೆ ಬೇಕು ಅಂತ ಹೇಳಿದ್ದೆ. ಒಂದೇ ವಾಕ್ಯ, ಬೇರೆ ಏನೋ ಹೇಳುವಾಗ ಮಧ್ಯೆ ಬಂದದ್ದು. ಅದಕ್ಕೆ ಒಬ್ಬ ಮಹಾನುಭಾವರು ಕಮೆಂಟ್ ಹಾಕಿದ್ದಾರೆ. ಓದುತ್ತೇನೆ ಕೇಳಿ. "ಸರ್, ಅದೆಲ್ಲ ಲಾಸ್ಟ್ ಸ್ಟೇಜ್‌ನವರಿಗೆ. ಮಗು ಹುಷಾರಾಗಲಿ ಅಂತ ಅಪ್ಪ ಅಮ್ಮ ಒದ್ದಾಡುತ್ತಿರುವಾಗ ಇಂಥ ಮಾತಾಡಿ ಧೈರ್ಯ ಕೆಡಿಸಬೇಡಿ." ಇದಕ್ಕೆ ಬಿದ್ದಿರುವ ಲೈಕ್ ನನ್ನ ವಿಡಿಯೊಗೇ ಬಿದ್ದಿಲ್ಲ ಕಣ್ರೀ. ಅದು ಬೇರೆ ಸಂಕಟ.

ಸರಿ. ಇವತ್ತು ಒಂದೇ ವಿಷಯ. ಮಗುವಿಗೆ ಕ್ಯಾನ್ಸರ್ ಅಂತ ಗೊತ್ತಾದ ದಿನವೇ, ಕೀಮೋ ಬರೆಯುವ ಡಾಕ್ಟರ ಪಕ್ಕದಲ್ಲಿ ನೋವು ನೋಡಿಕೊಳ್ಳುವ ತಂಡವೂ ಕೂತಿರಬೇಕು. ಕೊನೆಗಲ್ಲ. "ಇನ್ನು ನಮ್ಮ ಕೈಲಿ ಆಗಲ್ಲ" ಅಂದ ಮೇಲೆ ಅಲ್ಲ. ಮೊದಲ ದಿನ.

ಇದು ನನ್ನ ಸ್ವಂತ ಸಂಶೋಧನೆ ಅಲ್ಲ. ನಾನು ಮೆಡಿಕಲ್ ಸ್ಟೋರ್ ಇಟ್ಟುಕೊಂಡವನು, ಡಾಕ್ಟರಲ್ಲ. ಹೊಸದಾಗಿ ಬಂದವರಿಗೆ ಹೇಳಿದೆ ಅಷ್ಟೆ. ಮಕ್ಕಳ ಪ್ಯಾಲಿಯೇಟಿವ್ ಕೇರ್ ಕಾಯಿಲೆ ಪತ್ತೆಯಾದಾಗಲೇ ಶುರುವಾಗಬೇಕು, ಕಾಯಿಲೆಗೆ ಚಿಕಿತ್ಸೆ ನಡೀತಿರಲಿ ಬಿಡಲಿ ಮುಂದುವರಿಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 1998ರಲ್ಲಿ. ಅಮೆರಿಕದ ಮಕ್ಕಳ ವೈದ್ಯರ ಸಂಘ ಅದನ್ನೇ ಹೇಳಿದ್ದು 2000ದಲ್ಲಿ. ಆಗ ಹುಟ್ಟಿದ ಮಕ್ಕಳು ಈಗ ಎಂಬಿಬಿಎಸ್ ಮುಗಿಸಿದ್ದಾರೆ. ನಮ್ಮ ಕಮೆಂಟ್ ಮಹಾನುಭಾವರಿಗೆ ಸುದ್ದಿ ಇನ್ನೂ ತಲುಪಿಲ್ಲ.

ಪ್ಯಾಲಿಯೇಟಿವ್ ಅಂದ ತಕ್ಷಣ ಜನರ ಕಣ್ಣ ಮುಂದೆ ಕತ್ತಲೆ ಕೋಣೆ, ಮೂಲೆಯಲ್ಲಿ ದೀಪ, ಸುತ್ತ ಅಳುವ ನೆಂಟರು. ಸೀರಿಯಲ್ ನೋಡಿ ನೋಡಿ ಹೀಗಾಗಿದೆ. ನಿಜವಾಗಿ ನಡೆಯುವ ಕೆಲಸ ಏನು ಗೊತ್ತಾ? ಕೀಮೋ ಆದ ಮಗುವಿನ ಬಾಯಿ ತುಂಬಾ ಹುಣ್ಣು. ಎಂಜಲು ನುಂಗುವುದಕ್ಕೂ ಆಗಲ್ಲ. ಆ ಹುಣ್ಣಿಗೆ ಏನು ಮಾಡಬೇಕು, ನೋವು ಕಮ್ಮಿ ಮಾಡಿ ನಾಲ್ಕು ಚಮಚ ಗಂಜಿ ಹೇಗೆ ಒಳಗೆ ಕಳಿಸಬೇಕು, ಅದು ಪ್ಯಾಲಿಯೇಟಿವ್ ಕೇರ್. ವಾಂತಿ, ಮಲಬದ್ಧತೆ, ನಿದ್ದೆ ಇಲ್ಲದಿರುವುದು, ಸೂಜಿ ಕಂಡರೆ ಕಿರುಚುವುದು, ಮನೆಯಲ್ಲಿ ಅಜ್ಜಿ ಹತ್ತಿರ ಬಿಟ್ಟು ಬಂದ ತಂಗಿಯ ಗತಿ, ಸ್ಕೂಲು, ಬಸ್ ಚಾರ್ಜು, ಎಲ್ಲ ಅದರಲ್ಲೇ ಬಂತು. ಸಣ್ಣ ಮಕ್ಕಳಿಗೆ ನೋವು ಎಷ್ಟು ಅಂತ ಹೇಳುವುದಕ್ಕೆ ಬರಲ್ಲ ಅಲ್ವಾ? ಅದಕ್ಕೆ ಆರು ಮುಖಗಳ ಒಂದು ಚಾರ್ಟ್ ಇರುತ್ತದೆ. ಮೊದಲನೆಯದು ನಗುವ ಮುಖ, ಕೊನೆಯದು ಕಣ್ಣೀರು ಸುರಿಸುವ ಮುಖ. ಮಗು ಬೆರಳಿಟ್ಟು ತೋರಿಸುತ್ತದೆ. ನರ್ಸ್ ಬರೆದುಕೊಳ್ಳುತ್ತಾರೆ, ಔಷಧಿ ಕೊಟ್ಟು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳುತ್ತಾರೆ. ಇದರಲ್ಲಿ ಧೈರ್ಯ ಕೆಡಿಸುವಂಥದ್ದು ಯಾವುದು ಸ್ವಾಮಿ?

ಇನ್ನೊಂದು ವಿಷಯ. ಸರಿಯಾದ ಚಿಕಿತ್ಸೆ ಸಿಕ್ಕರೆ ಮಕ್ಕಳ ಕ್ಯಾನ್ಸರ್‌ನಲ್ಲಿ ವಾಸಿಯಾಗುವವರು ಜಾಸ್ತಿ. ಶ್ರೀಮಂತ ದೇಶಗಳಲ್ಲಿ 100ಕ್ಕೆ 80ಕ್ಕಿಂತ ಹೆಚ್ಚು ಮಕ್ಕಳು ಗೆದ್ದು ಬರುತ್ತಾರೆ. ಬಡ ದೇಶಗಳಲ್ಲಿ ಎಷ್ಟೋ ಕಡೆ 30ಕ್ಕೂ ಕಮ್ಮಿ. 2030ರ ಹೊತ್ತಿಗೆ ಇಡೀ ಪ್ರಪಂಚದ ಲೆಕ್ಕದಲ್ಲಿ ಇದನ್ನು ಕನಿಷ್ಠ 60ಕ್ಕೆ ತರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿ ಇಟ್ಟುಕೊಂಡಿತು. ಆ ಗುರಿಯ ಇನ್ನೊಂದು ಭಾಗವನ್ನು ಯಾರೂ ಹೇಳುವುದೇ ಇಲ್ಲ: ಎಲ್ಲ ಮಕ್ಕಳ ನರಳಾಟ ಕಮ್ಮಿ ಮಾಡಬೇಕು. ಎಲ್ಲ ಮಕ್ಕಳು ಅಂದರೆ ಗೆದ್ದು ಮನೆಗೆ ಹೋಗುವ ಮಗುವೂ ಸೇರಿತು. ವಾಸಿಯಾಗುವ ಮಗುವಿಗೆ ನೋವು ಆಗಲ್ಲವಾ? ಕೆಲವು ಕ್ಯಾನ್ಸರ್‌ಗೆ ಎರಡು ಮೂರು ವರ್ಷದ ಟ್ರೀಟ್‌ಮೆಂಟು. ಹಲ್ಲು ಕಚ್ಚಿಕೊಂಡು ಇರು, ಆಮೇಲೆ ಸರಿ ಹೋಗುತ್ತೆ ಅನ್ನುವುದಾ ಐದು ವರ್ಷದ ಕೂಸಿಗೆ?

ನಮ್ಮ ಅಂಗಡಿಗೆ ಬಂದಿದ್ದ ಒಬ್ಬ ಅಪ್ಪನ ಮಾತು ಹೇಳುತ್ತೇನೆ. ರಾಯಚೂರು ಕಡೆಯವರು. ಮಗನಿಗೆ ಬ್ಲಡ್ ಕ್ಯಾನ್ಸರ್. ಆಸ್ಪತ್ರೆ ಹತ್ತಿರವೇ ಒಂದು ರೂಮು ಹಿಡಿದಿದ್ದರು. ರಾತ್ರಿ ಶಟರ್ ಅರ್ಧ ಎಳೆದಿದ್ದೆ, ಬಗ್ಗಿ ಒಳಗೆ ಬಂದು ಹೇಳಿದರು. "ಅಣ್ಣಾರ, ಹುಡುಗ ರಾತ್ರಿಯೆಲ್ಲ ಕಾಲು ಕಾಲು ಅಂತಾನ್ರೀ. ಏನರ ಒಂದು ಗುಳಿಗಿ ಕೊಡ್ರಿ." ಡಾಕ್ಟರಿಗೆ ಹೇಳಿದ್ರಾ ಅಂದೆ. "ಹೇಳೀನ್ರೀ. ಕೀಮೋ ಮುಗೀಲಿ, ತಾನ ಕಮ್ಮಿ ಆಗ್ತದ ಅಂದ್ರು."

ಈಗ ನಾನು ಏನು ಕೊಡಲಿ? ಬ್ರೂಫೆನ್ ಕೊಡುವ ಹಾಗಿಲ್ಲ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಮೊದಲೇ ಕಮ್ಮಿ ಇರುತ್ತದೆ, ರಕ್ತ ಸೋರಿದರೆ? ಪ್ಯಾರಾಸಿಟಮಾಲ್ ಸುಮ್ನೆ ಕೊಟ್ಟು ಕಳಿಸುವುದೂ ತಪ್ಪು. ಕೀಮೋದಲ್ಲಿರುವ ಮಗುವಿಗೆ ಜ್ವರ ಬಂತು ಅಂದರೆ ಆ ಕ್ಷಣ ಆಸ್ಪತ್ರೆಗೆ ಓಡಬೇಕು. ಆ ಮಾತ್ರೆ ನುಂಗಿಸಿಬಿಟ್ಟರೆ ಜ್ವರ ಬಂದದ್ದೇ ಗೊತ್ತಾಗಲ್ಲ. ಕೌಂಟರ್ ಹಿಂದೆ ಸಾವಿರ ಡಬ್ಬಿ ಇಟ್ಟುಕೊಂಡು ಕೈಕಟ್ಟಿ ನಿಂತಿದ್ದೆ ನಾನು. ಕೊನೆಗೆ ವಾರ್ಡಿಗೇ ಹೋಗಿ ನೋವಿನ ಕ್ಲಿನಿಕ್ ಎಲ್ಲಿದೆ ಅಂತ ಕೇಳಿ ಅಂದೆ. ಎಲ್ಲಿತ್ತು ಗೊತ್ತಾ? ಅದೇ ಬಿಲ್ಡಿಂಗ್. ಗ್ರೌಂಡ್ ಫ್ಲೋರ್. ಮಗು ಮೂರನೇ ಮಹಡಿ. ಅಷ್ಟು ದಿನದಲ್ಲಿ ಒಬ್ಬರೂ ಕೆಳಗೆ ಕಳಿಸಿರಲಿಲ್ಲ. ಆಸ್ಪತ್ರೆ ಹೆಸರು ಹೇಳಲ್ಲ, ಕಮೆಂಟಲ್ಲಿ ಊಹಿಸುವುದೂ ಬೇಡ.

ಅದಕ್ಕೇ ಹೇಳುತ್ತಿರುವುದು. ಮೊದಲ ದಿನವೇ ಕೀಮೋ ಡಾಕ್ಟರು, ನೋವಿನ ಡಾಕ್ಟರು ಇಬ್ಬರೂ ಒಟ್ಟಿಗೆ ಕೂತಿದ್ದರೆ ಆ ಅಪ್ಪ ಹೊತ್ತಲ್ಲದ ಹೊತ್ತಲ್ಲಿ ನನ್ನ ಶಟರ್ ಕೆಳಗೆ ನುಸುಳಬೇಕಿತ್ತಾ?

ಬಾಸ್ಟನ್‌ನಲ್ಲಿ ಕ್ಯಾನ್ಸರಿನಿಂದ ಮಗು ಕಳೆದುಕೊಂಡ 103 ಅಪ್ಪ ಅಮ್ಮಂದಿರನ್ನು ಕೇಳಿ ಮಾಡಿದ ಅಧ್ಯಯನ 2000ದಲ್ಲಿ ಬಂತು. ಕೊನೆ ತಿಂಗಳಲ್ಲಿ 100ಕ್ಕೆ 89 ಮಕ್ಕಳು ಒಂದಲ್ಲ ಒಂದು ತೊಂದರೆಯಿಂದ ಬಹಳ ನರಳಿದ್ದರು. ನೋವಿಗೆ ಚಿಕಿತ್ಸೆ ಸಿಕ್ಕ ಮಕ್ಕಳಲ್ಲೂ ಅದರಿಂದ ಗುಣ ಕಂಡಿದ್ದು 100ಕ್ಕೆ 27 ಮಕ್ಕಳಲ್ಲಿ ಮಾತ್ರ. ಬಾಸ್ಟನ್‌ನಲ್ಲಿ! ದುಡ್ಡಿಗೆ, ಮಷೀನಿಗೆ ಬರವಿಲ್ಲದ ಊರು. ಕೊನೆ ಗಳಿಗೆಯಲ್ಲಿ ನೋವಿನ ಡಾಕ್ಟರನ್ನು ಹುಡುಕುವುದು ಅಂದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗೆ.

ಒಂದು ನಿಮಿಷ. ಸಬ್‌ಸ್ಕ್ರೈಬ್ ಆಗದೆ ನೋಡುತ್ತಿರುವವರು ಇದ್ದೀರಿ, ನನಗೆ ಲೆಕ್ಕ ಕಾಣಿಸುತ್ತದೆ. ಕೆಂಪು ಬಟನ್ ಒತ್ತಿ, ಪುಣ್ಯ ಬರುತ್ತದೆ. ಬಂತಾ? ಮುಂದಕ್ಕೆ ಹೋಗೋಣ.

ಈಗ ಮಾರ್ಫಿನ್, ಅಂದರೆ ಅಫೀಮಿನಿಂದ ಮಾಡುವ ಜೋರು ನೋವಿನ ಔಷಧಿ. "ಅಯ್ಯೋ ಮಗುವಿಗೆ ಮಾರ್ಫಿನ್ನಾ, ಚಟ ಹತ್ತಲ್ವಾ?" ದಿನಕ್ಕೆ ಮೂರು ಸಲ ಗುಟ್ಕಾ ತಿನ್ನುವವರು ಕೇಳುವ ಪ್ರಶ್ನೆ ಇದು. ಜೋರು ನೋವಿಗೆ, ಅಳತೆ ನೋಡಿ, ಡಾಕ್ಟರ ನಿಗಾದಲ್ಲಿ ಕೊಟ್ಟರೆ ಚಟ ಹತ್ತುವುದು ಬಹಳ ಅಪರೂಪ. ಮಲಬದ್ಧತೆ ಮಾತ್ರ ಸಾಮಾನ್ಯವಾಗಿ ಆಗುತ್ತದೆ, ಅದಕ್ಕೆ ಜೊತೆಯಲ್ಲೇ ಔಷಧಿ ಬರೆಯುತ್ತಾರೆ. ಮಕ್ಕಳಿಗೆ ಬೇಕೇ ಬೇಕಾದ ಔಷಧಿಗಳು ಅಂತ ವಿಶ್ವ ಆರೋಗ್ಯ ಸಂಸ್ಥೆ ಮಾಡಿರುವ ಪಟ್ಟಿಯಲ್ಲೇ ಮಾರ್ಫಿನ್ ಇದೆ. ನಮ್ಮ ದೇಶದ ತಮಾಷೆ ನೋಡಿ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು ಅಫೀಮು ಬೆಳೆಸುತ್ತದೆ. ನೀಮಚ್, ಗಾಜಿಪುರದಲ್ಲಿ ಸರ್ಕಾರದ್ದೇ ಫ್ಯಾಕ್ಟರಿ. ಆದರೆ ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಒಂದು ಆಸ್ಪತ್ರೆ ಮಾರ್ಫಿನ್ ಇಡಬೇಕು ಅಂದರೆ ನಾಲ್ಕಾರು ಇಲಾಖೆ ಬಾಗಿಲು ತಟ್ಟಬೇಕಿತ್ತು. ಆಸ್ಪತ್ರೆಯವರು ಸಹವಾಸವೇ ಬೇಡ ಅಂತ ಬಿಟ್ಟುಬಿಟ್ಟರು. 2014ರಲ್ಲಿ ಕಾಯ್ದೆ ತಿದ್ದಿದರು. ಮಾನ್ಯತೆ ಪಡೆದ ಆಸ್ಪತ್ರೆಗೆ ಈಗ ಒಂದೇ ಕಡೆ ಅನುಮತಿ ಸಾಕು. ಕೇರಳದ ಪ್ಯಾಲಿಯೇಟಿವ್ ಕೇರ್ ವೈದ್ಯ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಜೊತೆಯವರು ಇದಕ್ಕಾಗಿ ವರ್ಷಗಟ್ಟಲೆ ಅಲೆದರು. ಕಾನೂನು ಬದಲಾಯಿತು, ಹೆದರಿಕೆ ಹಾಗೇ ಉಳಿಯಿತು. "ಯಾಕೆ ತಲೆನೋವು" ಅಂತ ಅರ್ಜಿಯನ್ನೇ ಹಾಕದ ಆಸ್ಪತ್ರೆಗಳಿವೆ. ತಲೆನೋವು ಅವರದು, ಕಾಲುನೋವು ಮಗುವಿನದು.

ಹೈದರಾಬಾದ್‌ಗೆ ಬನ್ನಿ. ರೆಡ್ ಹಿಲ್ಸ್‌ನಲ್ಲಿ ಎಂಎನ್‌ಜೆ ಅಂತ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬೀದರ್, ರಾಯಚೂರು ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ, ಗೊತ್ತಲ್ಲ. ಅಲ್ಲಿ ಡಾ. ಗಾಯತ್ರಿ ಪಾಲಟ್ ಮತ್ತು ಅವರ ತಂಡ ಮಕ್ಕಳ ಪ್ಯಾಲಿಯೇಟಿವ್ ಕೇರ್ ಕಟ್ಟಿ ನಿಲ್ಲಿಸಿದ್ದಾರೆ. ಕೈಜೋಡಿಸಿದ್ದು ಕೆನಡಾದ ಟೂ ವರ್ಲ್ಡ್ಸ್ ಕ್ಯಾನ್ಸರ್ ಕೊಲಾಬರೇಶನ್ ಅನ್ನುವ ಸಂಸ್ಥೆ. ಇವರು ಸೇರಿ ವಿಡಿಯೊ ಕಾಲ್‌ನಲ್ಲಿ ಪಾಠ ನಡೆಸುತ್ತಾರೆ, ಎಕೋ ಅಂತ ಅದರ ಹೆಸರು. ಆ ಪದ್ಧತಿ ಶುರು ಮಾಡಿದ್ದು ಸಂಜೀವ್ ಅರೋರಾ ಅನ್ನುವ ಲಿವರ್ ಡಾಕ್ಟರು, 2003ರಲ್ಲಿ, ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ. ಯಾವುದೋ ಊರಿನ ಡಾಕ್ಟರು ತನ್ನ ಹತ್ತಿರ ಇರುವ ಮಗುವಿನ ಕೇಸ್ ಮುಂದಿಡುತ್ತಾರೆ. ಹೆಸರು ಹೇಳಲ್ಲ, ತೊಂದರೆ ಮಾತ್ರ. ಉಳಿದವರು ನಾನಾದರೆ ಹೀಗೆ ಮಾಡುತ್ತಿದ್ದೆ ಅಂತ ಹೇಳುತ್ತಾರೆ. ರೋಗಿ ಊರು ಬಿಡಲ್ಲ, ತಿಳಿವಳಿಕೆ ಊರಿಗೆ ಬರುತ್ತದೆ.

ಅಲ್ಲ ಸ್ವಾಮಿ, ಕೆನಡಾದವರು ನಡುರಾತ್ರಿ ಎದ್ದು ಹೈದರಾಬಾದ್ ಜೊತೆ ಮಾತಾಡಬಹುದು. ಮೂರನೇ ಮಹಡಿಯವರು ಗ್ರೌಂಡ್ ಫ್ಲೋರಿಗೆ ಒಂದು ಫೋನ್ ಮಾಡುವುದಕ್ಕೆ ಆಗಲ್ಲವಾ? ಲಿಫ್ಟ್ ಕೆಟ್ಟಿದೆಯಾ?

"ಡಾಕ್ಟರಿಗೆ ಟೈಮ್ ಎಲ್ಲಿದೆ ಸರ್, ದಿನಕ್ಕೆ ನೂರು ರೋಗಿ." ಹೌದು, ಅದಕ್ಕೇ ತಂಡ ಬೇಕು ಅನ್ನುತ್ತಿರುವುದು! ಎಲ್ಲ ಅವರೊಬ್ಬರೇ ಮಾಡಲಿ ಅಂತ ಯಾರು ಹೇಳಿದರು? ನರ್ಸ್ ಇದ್ದಾರೆ, ಸೋಶಿಯಲ್ ವರ್ಕರ್ ಇದ್ದಾರೆ, ಊರಿಗೆ ವಾಪಸ್ ಹೋದರೆ ತಾಲೂಕು ಆಸ್ಪತ್ರೆ ಡಾಕ್ಟರು, ಆಶಾ ಕಾರ್ಯಕರ್ತೆ ಇದ್ದಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಅವರಿಗೆ ಅರ್ಥವಾಗುವ ಹಾಗೆ ನಾಲ್ಕು ಸಾಲು ಬರೆದುಕೊಡಿ.

"ದುಡ್ಡು ಯಾರು ಕೊಡ್ತಾರೆ?" ಬೆಂಗಳೂರಿನಲ್ಲೇ ಕರುಣಾಶ್ರಯ ಇದೆ. 1999ರಿಂದ ಕ್ಯಾನ್ಸರ್ ರೋಗಿಗಳನ್ನು ಪುಕ್ಕಟೆ ನೋಡಿಕೊಳ್ಳುತ್ತಿದೆ. ರೋಟರಿಯವರು, ಕ್ಯಾನ್ಸರ್ ಸೊಸೈಟಿಯವರು ಸೇರಿ ಕಟ್ಟಿದ್ದು. ಸೇರಿದರೆ ಆಗುತ್ತದೆ.

ಇನ್ನು ಮಹಾನುಭಾವರ ಆ ಧೈರ್ಯದ ಮಾತು. ಸ್ವೀಡನ್‌ನಲ್ಲಿ ಕ್ಯಾನ್ಸರಿನಿಂದ ಮಗು ಕಳೆದುಕೊಂಡ ಹೆತ್ತವರನ್ನು ಕೇಳಿದ್ದಾರೆ, ಮಗುವಿನ ಜೊತೆ ಸಾವಿನ ಬಗ್ಗೆ ಮಾತಾಡಿದ್ರಾ ಅಂತ. 2004ರಲ್ಲಿ ಅದರ ಫಲಿತಾಂಶ ಬಂತು. ಮಾತಾಡಿದವರು 147 ಜನ. ಯಾಕಾದರೂ ಮಾತಾಡಿದೆವೋ ಅಂದವರು ಒಬ್ಬರೂ ಇಲ್ಲ. ಸೊನ್ನೆ. ಮಾತಾಡದೆ ಉಳಿದವರಲ್ಲಿ 100ಕ್ಕೆ 27 ಜನ ಆಮೇಲೆ ಪರಿತಪಿಸಿದರು. ಸಾವಿನ ಮಾತೇ ಅವರ ಧೈರ್ಯ ಕೆಡಿಸಲಿಲ್ಲ. ನಾನು ಹೇಳುತ್ತಿರುವುದು ಬಾಯಿಹುಣ್ಣಿಗೆ ಔಷಧಿ ಕೊಡಿ ಅಂತ. ಇದರಿಂದ ನಿಮ್ಮ ಧೈರ್ಯ ಕೆಡುತ್ತದಾ?

"ಸ್ವೀಡನ್ ಬೇರೆ, ನಮ್ಮ ದೇಶ ಬೇರೆ" ಅಂತ ಬರೆಯುವುದಕ್ಕೆ ಈಗಾಗಲೇ ಯಾರೋ ಬೆರಳು ಎತ್ತಿದ್ದಾರೆ. ಬರೆಯಿರಿ, ಬರೆಯಿರಿ. ಮಗುವಿನ ಮೂಳೆ ಯಾವ ದೇಶದಲ್ಲಿ ನೋವಾದರೂ ನೋವೇ. ಮೊದಲ ದಿನ ಕರೆಯಿರಿ ಅಂದರೆ ಮೊದಲ ದಿನ ಕರೆಯಿರಿ. ಡಾಕ್ಟರು ಕರೆಯದಿದ್ದರೆ ನೀವೇ ಕೇಳಿ. "ಸರ್, ಇಲ್ಲಿ ಪ್ಯಾಲಿಯೇಟಿವ್ ಟೀಮ್ ಇದೆಯಾ, ಇವತ್ತೇ ನೋಡಬಹುದಾ?" ಇಷ್ಟೇ. ಅವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಮೆಡಿಕಲ್ ಸ್ಟೋರಿನ ಯಾರೋ ಯೂಟ್ಯೂಬಲ್ಲಿ ಹೇಳಿದ ಅನ್ನಿ, ಬೈಗುಳ ನನಗೇ ಬರಲಿ, ವ್ಯೂಸ್ ಆದರೂ ಏರುತ್ತದೆ.

ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಮಾರ್ಫಿನ್ ಸಿಗುತ್ತದಾ ವಿಚಾರಿಸಿ, ಊರಿನ ಹೆಸರಿನ ಜೊತೆ ಕೆಳಗೆ ಬರೆಯಿರಿ. ಸಿಗುತ್ತದೆ, ಸಿಗಲ್ಲ, ಒಂದೇ ಪದ ಸಾಕು. ಮಗುವಿನ ಫೋಟೊ, ರಿಪೋರ್ಟು ಹಾಕಬೇಡಿ, ಹಾಕಿದರೆ ಡಿಲೀಟ್ ಮಾಡುತ್ತೇನೆ. ಮುಂದಿನ ವಾರ ಮಂಡಿನೋವಿನ ಎಣ್ಣೆಗಳು. ಕಂಪನಿಯವರು ಯಾರೂ ನನಗೆ ದುಡ್ಡು ಕೊಟ್ಟಿಲ್ಲ, ಕೊಡುವ ಹಾಗಿದ್ದರೆ ನಂಬರ್ ಡಿಸ್ಕ್ರಿಪ್ಷನ್‌ನಲ್ಲಿದೆ.