ಸೋಲಾರ್ ಸ್ಟ್ಯಾಂಡಿನ ಕಾಲು ಎಲ್ಲಿ ನಿಲ್ಲುತ್ತದೆ?

ಕೇಳುಗರಿಗೆ ನಮಸ್ಕಾರ.

2024ರ ಫೆಬ್ರವರಿಯಲ್ಲಿ, ಮನೆಯ ತಾರಸಿಗೆ ಸೋಲಾರ್ ಹಾಕಿಸುವವರಿಗೆ ನೆರವು ಕೊಡುವ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆ ಶುರುವಾಯಿತು. ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಅಂದಮೇಲೆ ಬೆಂಗಳೂರಿನ ಬೀದಿಬೀದಿಯಲ್ಲೂ ಸೋಲಾರಿನದೇ ಮಾತು. ಬಿಲ್ಲು ಎಷ್ಟು ಇಳಿಯುತ್ತೆ, ಹಾಕಿದ ದುಡ್ಡು ಯಾವಾಗ ಹುಟ್ಟುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಪ್ಯಾನೆಲ್ಲು ಹೊತ್ತು ನಿಲ್ಲುವ ಸ್ಟ್ಯಾಂಡಿನ ಕಾಲು ತಾರಸಿಯೊಳಗೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಕೇಳುವವರು ಅಪರೂಪ.

"ಅಷ್ಟು ಭಾರ ಮೋಲ್ಡು ತಡೆಯುತ್ತಾ ಸಾರ್?" ಅನ್ನುವವರಿದ್ದಾರೆ. ಮೋಲ್ಡು ಅಂದರೆ ಸೂರಿನ ಕಾಂಕ್ರೀಟ್ ಚಪ್ಪಡಿ. ಒಂದು ದೊಡ್ಡ ಪ್ಯಾನೆಲ್ಲು 25ರಿಂದ 30 ಕೆ.ಜಿ. ಅಷ್ಟೇ. ಸಾವಿರ ಲೀಟರಿನ ನೀರಿನ ಟ್ಯಾಂಕು ತುಂಬಿದರೆ ಒಂದು ಟನ್ನು, ಅದನ್ನು ನಾವು ಯೋಚನೆಯೇ ಮಾಡದೆ ಮೇಲೆ ಕೂರಿಸಿರುತ್ತೇವೆ. ಹೆದರಬೇಕಾದ್ದು ಗಾಳಿಗೆ. ಏಪ್ರಿಲ್, ಮೇ ಸಂಜೆಗಳಲ್ಲಿ ಮರ ಉರುಳಿಸುವ ಗಾಳಿ ಬರುತ್ತದಲ್ಲ, ಅದು ಓರೆಯಾಗಿ ನಿಂತ ಪ್ಯಾನೆಲ್ಲಿನ ಅಡಿಗೆ ನುಗ್ಗಿ ಛತ್ರಿಯಂತೆ ಎತ್ತುತ್ತದೆ. ಕಟ್ಟಡಗಳ ಮೇಲೆ ಬೀಳುವ ಭಾರ, ಗಾಳಿಯ ಲೆಕ್ಕಕ್ಕಿರುವ ಭಾರತೀಯ ಮಾನಕ ಐಎಸ್ 875ರಲ್ಲಿ ಬೆಂಗಳೂರಿಗೆ ಹಿಡಿದಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಗಂಟೆಗೆ ಹೆಚ್ಚುಕಡಿಮೆ 119 ಕಿಲೋಮೀಟರ್. ಆ ವೇಗದಲ್ಲಿ ಒಂದು ಚದರ ಮೀಟರಿನ ಮೇಲೆ ಬೀಳುವ ಒತ್ತಡ ಸುಮಾರು 65 ಕೆ.ಜಿ. ಭಾರಕ್ಕೆ ಸಮ. ಎರಡೂವರೆ ಚದರ ಮೀಟರಿನ ಪ್ಯಾನೆಲ್ಲಿಗೆ ಲೆಕ್ಕ ಹಾಕಿ, ಅದರ ತೂಕದ ಐದಾರು ಪಟ್ಟಾಗುತ್ತದೆ. ತಾರಸಿಯ ಅಂಚು, ಮೂಲೆಗಳಲ್ಲಿ ಸೆಳೆತ ಇನ್ನೂ ಜಾಸ್ತಿ.

ಹಾಗಾಗಿ ಬೋಲ್ಟು ಗಟ್ಟಿಯಾಗಿ ಹಿಡಿಯಬೇಕು. ತೊಡಕು ಇರುವುದು ಇಲ್ಲೇ. ನಾವು ನಡೆದಾಡುವ ತಾರಸಿ ಮೋಲ್ಡಲ್ಲ. ಐದು ಇಂಚಿನ ಮೋಲ್ಡು ಕೆಳಗಿರುತ್ತದೆ. ಅದರ ಮೇಲೆ ನೀರು ಹರಿಯಲೆಂದು ವಾಟ ಕೊಟ್ಟ ಗಾರೆ, ಕೆಲವು ಮನೆಗಳಲ್ಲಿ ಇಟ್ಟಿಗೆ ಚೂರು ಮತ್ತು ಸುಣ್ಣದ ಪದರ, ಮೇಲೆ ಟೈಲು. ಕೆಲಸದವರು ಅವಸರದಲ್ಲಿ ಮೇಲಿಂದ ಕೊರೆದು ಮೂರು ಇಂಚಿನ ಆಂಕರ್ ಬೋಲ್ಟ್ ಹೊಡೆದರೆ, ಅದು ಗಾರೆಯಲ್ಲೇ ಮುಗಿದುಹೋಗುತ್ತದೆ. ಹಿಡಿತವೂ ಇಲ್ಲ, ಇಳಿಯಲು ನೀರಿಗೆ ದಾರಿಯೂ ಆಯಿತು. ಆ ನೀರು ಗಾರೆ ಮತ್ತು ಮೋಲ್ಡಿನ ನಡುವೆ ಹರಿದು, ತೂತು ಇರುವ ಕಡೆ ಬಿಟ್ಟು ಇನ್ನೆಲ್ಲೋ ದೇವರಮನೆಯ ಸೂರಿನಲ್ಲಿ ತೇವವಾಗಿ ಕಾಣಿಸಿಕೊಳ್ಳುತ್ತದೆ. ತೂತಿನ ಬಾಯಿಗೆ ಸಿಲಿಕಾನ್ ಬಳಿದುಬಿಟ್ಟರೆ ಆಯಿತು ಅನ್ನುವವರನ್ನು ನಾನು ನಂಬುವುದಿಲ್ಲ. ದೂಳು ಹಿಡಿದ ಸಿಮೆಂಟಿಗೆ ಅದು ಸರಿಯಾಗಿ ಅಂಟುವುದಿಲ್ಲ, ಬಿಸಿಲಿಗೆ ಅಂಚು ಬಿಟ್ಟುಕೊಳ್ಳುತ್ತದೆ.

ಸರಿಯಾದ ಕ್ರಮಕ್ಕೆ ಒಂದೆರಡು ದಿನ ಹೆಚ್ಚು ಹಿಡಿಯುತ್ತದೆ. ಕಾಲು ಬರುವ ಜಾಗದಲ್ಲಿ ಗಾರೆ ಕಿತ್ತು ಮೋಲ್ಡು ಕಾಣುವಂತೆ ಮಾಡಿ, ಅಲ್ಲಿ ಕೊರೆದು, ತೂತಿನ ದೂಳನ್ನು ಬ್ರಷ್ಷು ಹಾಕಿ ಊದಿ ತೆಗೆದು, ಕೆಮಿಕಲ್ ಆಂಕರಿನಲ್ಲಿ, ಅಂದರೆ ತೂತಿಗೆ ತುಂಬಿದರೆ ಗಟ್ಟಿಯಾಗುವ ಅಂಟಿನಲ್ಲಿ, ರಾಡು ಕೂರಿಸಬೇಕು. ಮೋಲ್ಡನ್ನು ಆಚೆಗೆ ತೂರುವಷ್ಟು ಆಳ ಬೇಡ. ಮೋಲ್ಡಿನೊಳಗಿನ ಕಬ್ಬಿಣದ ಕಂಬಿ ಸಿಕ್ಕರೆ ಜಾಗ ಬದಲಿಸಲಿ, ಕಂಬಿ ಕತ್ತರಿಸುವುದು ಬೇಡ. ಕರೆಂಟಿನ ಪೈಪುಗಳೂ ಅದರೊಳಗೇ ಓಡಾಡಿರುತ್ತವೆ, ಕೆಳಗಿನ ಫ್ಯಾನ್ ಪಾಯಿಂಟ್ ನೋಡಿಕೊಂಡು ಗುರುತು ಹಾಕಿ. ಆಮೇಲೆ ರಾಡಿನ ಸುತ್ತ ಆರೇಳು ಇಂಚು ಎತ್ತರದ ಕಾಂಕ್ರೀಟ್ ದಿಂಡು ಕಟ್ಟಿ, ವಾಟರ್‌ಪ್ರೂಫಿಂಗ್ ಪದರವನ್ನು ಅದರ ಬದಿಗೂ ಹತ್ತಿಸಬೇಕು. ಬೋಲ್ಟು ಮೇಲಿರುತ್ತದೆ, ನಿಂತ ನೀರು ಅದನ್ನು ಮುಟ್ಟುವುದಿಲ್ಲ. ದಿಂಡು ಮಾತ್ರ ನೀರು ಹರಿಯುವ ದಾರಿಗೆ ಅಡ್ಡ ಬರಬಾರದು.

ಕೊರೆಯುವುದೇ ಬೇಡ ಅನ್ನುವವರು ಭಾರದ ಕಾಂಕ್ರೀಟ್ ದಿಮ್ಮಿಗಳ ಮೇಲೆ ಪ್ಯಾನೆಲ್ಲನ್ನು ತಗ್ಗಾಗಿ ಹಾಕಿಸಬಹುದು. ಒಂದು ಘನ ಅಡಿ ಕಾಂಕ್ರೀಟ್ ಸುಮಾರು 68 ಕೆ.ಜಿ. ತೂಗುತ್ತದೆ, ಎಷ್ಟು ಬೇಕೆಂದು ಎಂಜಿನಿಯರ್ ಗಾಳಿಯ ಲೆಕ್ಕ ಹಾಕಿ ಹೇಳಲಿ. ಬಟ್ಟೆ ಒಣಗಿಸಲು ಜಾಗ ಬೇಕೆಂದು ಎಂಟಡಿ ಎತ್ತರಕ್ಕೆ ಎತ್ತುವುದಾದರೆ ದಿಮ್ಮಿ ನಂಬಿ ಕೂರಬೇಡಿ. ಪ್ಯಾರಪೆಟ್ಟಿಗಂತೂ ಬೋಲ್ಟು ಬೇಡವೇ ಬೇಡ, ಅದು ಬರೀ ಇಟ್ಟಿಗೆ ಗೋಡೆ.

ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಮರದ ತೊಲೆಯ ಮೇಲೆ ಇಟ್ಟಿಗೆ ಜೋಡಿಸಿ ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿ ಇದ್ದರೆ ಡ್ರಿಲ್ಲಿಂಗ್ ಮೆಷಿನ್ ಮೇಲಕ್ಕೆ ತರಲೇಬೇಡಿ. ಶೀಟಿನ ಮನೆಯಾದರೆ ಸ್ಕ್ರೂ ಶೀಟಿನ ಉಬ್ಬಿನ ಮೇಲೆ ಬರಲಿ, ತಗ್ಗಿನಲ್ಲಿ ಬೇಡ. ಕೆಳಗಿನ ಕಬ್ಬಿಣದ ಪಟ್ಟಿಯವರೆಗೂ ಹೋಗಲಿ, ತಲೆಯಡಿ ಒಳ್ಳೆಯ ರಬ್ಬರ್ ವಾಷರ್ ಇರಲಿ. ಮಂಗಳೂರು ಹೆಂಚನ್ನು ಕೊರೆಯಬಾರದು, ಒಳಗಿನ ಮರಕ್ಕೆ ಕೊಕ್ಕೆ ಹಾಕಿ ಎರಡು ಹೆಂಚಿನ ಸಂದಿಯಿಂದ ಹೊರತರಬೇಕು.

ಇನ್ನೊಂದು ಮಾತು. ಪ್ಯಾನೆಲ್ಲು 25 ವರ್ಷ ಇರುತ್ತದೆ, ತಾರಸಿಗೆ ಬಳಿದ ಕೋಟಿಂಗು ಅಷ್ಟು ದಿನ ಬಾಳುವುದಿಲ್ಲ. ಸೋರುವ ತಾರಸಿಯನ್ನು ಮೊದಲೇ ರಿಪೇರಿ ಮಾಡಿಸಿ, ಆಮೇಲೆ ಪ್ಯಾನೆಲ್ಲಿನಡಿ ನುಸುಳಿ ಬಳಿಯುವ ಕಷ್ಟ ಯಾರಿಗೂ ಬೇಡ. ವೈರು ಇಳಿಸಲು ಮೋಲ್ಡು ತೂತು ಮಾಡಿಸಬೇಡಿ, ಹೊರಗೋಡೆಯ ಮೇಲೆ ಪೈಪಿನಲ್ಲಿ ಬರಲಿ.

ದಿಂಡುಗಳ ಕೆಲಸ ಮುಗಿದು ಒಣಗಿದ ಮೇಲೆ, ಪ್ಯಾನೆಲ್ಲು ಏರಿಸುವ ಮುಂಚೆ, ನೀರಿಳಿಯುವ ಪೈಪಿನ ಬಾಯಿ ಕಟ್ಟಿ ತಾರಸಿಯಲ್ಲಿ ಒಂದೆರಡು ಇಂಚು ನೀರು ನಿಲ್ಲಿಸಿ. ಎರಡು ದಿನ ಬಿಟ್ಟು ಕೆಳಗಿನ ಎಲ್ಲ ಕೋಣೆಗಳ ಸೂರನ್ನು ಟಾರ್ಚು ಹಿಡಿದು ನೋಡಿ. ಕೊನೆಯ ಕಂತಿನ ದುಡ್ಡು ಆಮೇಲೆ ಕೊಟ್ಟರೆ ಸಾಕು, ಈ ಮಾತನ್ನು ಕರಾರಿನಲ್ಲಿ ಮೊದಲೇ ಬರೆಸಿಕೊಂಡಿರಿ.

ನಮಸ್ಕಾರ.